ವಜಾ ಎಂಬ ಪದದ ಎರಡು ಅರ್ಥಗಳು: ಕೋಲಾರ ಸೀಮೆಯ ಊರ ನಡವಳಿ ಮತ್ತು 19ನೆಯ ಶತಮಾನದ ಸಿವಿಲ್ ಪ್ರಕ್ರಿಯೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಆಡುಮಾತಿನಲ್ಲಿ ನ್ಯಾಯಾಲಯಕ್ಕೆ ಸಂಬಂಧಿಸಿದ ಪದಗಳಲ್ಲಿ ಬಹುಪಾಲು ಇಂಗ್ಲಿಷಿನಿಂದ ಬಂದವುಗಳಲ್ಲ. ದಾವೆ, ಫಿರ್ಯಾದು, ತಕರಾರು, ವಾಯಿದೆ, ವಕಾಲತ್ತು, ಜಾಮೀನು, ರಾಜಿ, ಅಮಲ್ಜಾರಿ ಮೊದಲಾದ ಪದಗಳು ಅರಬ್ಬಿ-ಪಾರಸಿ ಮೂಲದವು. ಬಿಜಾಪುರದ ಆಳ್ವಿಕೆ, ಶಹಾಜಿಯ ಜಹಗೀರು, ಮೊಗಲರ ಸಿರಾ ಸುಬಾ, ಹೈದರನ ಆಡಳಿತ ಇವೆಲ್ಲವನ್ನೂ ಕಂಡ ಈ ಸೀಮೆಯಲ್ಲಿ ಅವು ಇಂಗ್ಲಿಷ್ ನ್ಯಾಯಾಲಯಕ್ಕಿಂತ ಮೊದಲೇ ನೆಲೆಯೂರಿದ್ದವು. ಈ ಗುಂಪಿಗೆ ಸೇರಿದ 'ವಜಾ' ಎಂಬ ಪದ ವಿಶೇಷವಾಗಿ ಗಮನಾರ್ಹವಾದುದು. ಕಂದಾಯದ ಲೆಕ್ಕದಲ್ಲಿ ವಜಾ ಎಂದರೆ ಕಳೆಯುವುದು, ಮುಜರಾ ಹಾಕುವುದು ಎಂದಷ್ಟೇ ಅರ್ಥ. ಬೆಳೆ ಹೋದ ವರ್ಷ ಕಂದಾಯದಲ್ಲಿ ಇಷ್ಟು ಹಣ ವಜಾ ಆಯಿತೆಂದರೆ ರೈತನಿಗೆ ಅದು ಸಂತೋಷದ ಸುದ್ದಿ. ಅದೇ ಪದ ನ್ಯಾಯಾಲಯದ ಆವರಣಕ್ಕೆ ಬಂದಾಗ ದಾವೆಯನ್ನೇ ಕಳೆದುಹಾಕುವ ಆಜ್ಞೆಯಾಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ನ್ಯಾಯಾಲಯವು ಎರಡು ಬೇರೆ ಬೇರೆ ಕಾರಣಗಳಿಗಾಗಿ ದಾವೆಯನ್ನು ವಜಾ ಮಾಡುತ್ತದೆ. ಸಾಕ್ಷ್ಯವನ್ನು ಕೇಳಿ, ವಾದಿಗೆ ಹಕ್ಕಿಲ್ಲವೆಂದು ಕಂಡು ವಜಾ ಮಾಡುವುದು ಒಂದು. ಹಕ್ಕಿನ ನಿಜಾನಿಜಕ್ಕೆ ಕೈಹಾಕದೆ, ದಾವೆ ಹೂಡಿದ ಕ್ರಮ ಸರಿಯಿಲ್ಲವೆಂದೋ, ವಾದಿ ವಾಯಿದೆಯ ದಿನ ಹಾಜರಿರಲಿಲ್ಲವೆಂದೋ, ಇಂತಹ ವಿಷಯ ಸಿವಿಲ್ ಸ್ವರೂಪದ್ದಲ್ಲವೆಂದೋ ವಜಾ ಮಾಡುವುದು ಇನ್ನೊಂದು. ಮೊದಲನೆಯದು ತೀರ್ಪು, ಎರಡನೆಯದು ಬಾಗಿಲು ಮುಚ್ಚಿದ ಸದ್ದು. ಊರಿನ ಬಾಯಲ್ಲಿ ಎರಡಕ್ಕೂ ಒಂದೇ ಪದ. ದಾವೆ ವಜಾ ಆಯಿತೆಂದರೆ ಎದುರಾಳಿಯ ಮಾತೇ ದಿಟವೆಂದು ಊರು ತಿಳಿಯುತ್ತದೆ. ಮುಂದಿನ ತಲೆಮಾರು ಆ ತಿಳಿವಳಿಕೆಯನ್ನೇ ಸಂಪ್ರದಾಯವೆಂದು ಹೇಳುತ್ತದೆ. ಜಾನಪದ ವಿದ್ವಾಂಸರು ಬಂದು ಅದನ್ನು ಬರೆದುಕೊಳ್ಳುತ್ತಾರೆ. ಪ್ರಕ್ರಿಯೆಯ ಲೋಪವೊಂದು ಹೀಗೆ ಎರಡು ಹೆಜ್ಜೆಗಳಲ್ಲಿ ಆಚಾರದ ಸತ್ಯವಾಗಿ ಮಾರ್ಪಡುವ ಬಗೆಯನ್ನು ಕನ್ನಡ ಜಾನಪದ ವಿಮರ್ಶೆ ಇನ್ನೂ ಸಾಕಷ್ಟು ಗಮನಿಸಿಲ್ಲ.

ಈ ಸೀಮೆಯ ನ್ಯಾಯಾಡಳಿತದ ಹಿನ್ನೆಲೆ ಸಂಕ್ಷಿಪ್ತವಾಗಿ ಹೀಗಿದೆ. 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಸೇರಿತು. ಮಾರ್ಕ್ ಕಬ್ಬನ್ ಕಾಲದ ಬಹುಭಾಗದಲ್ಲಿ ಬೆಂಗಳೂರಿನ ಹುಜೂರ್ ಅದಾಲತ್ ಮೇಲಿನ ನ್ಯಾಯಾಲಯವಾಗಿತ್ತು. ಪಂಚಾಯಿತಿಯ ಮೂಲಕ ವ್ಯಾಜ್ಯ ತೀರಿಸುವ ಪದ್ಧತಿಗೂ ಅವಕಾಶವಿತ್ತು. 1856ರಲ್ಲಿ ಜುಡಿಷಿಯಲ್ ಕಮಿಷನರ್ ಹುದ್ದೆ ಬಂದು ಹುಜೂರ್ ಅದಾಲತ್ ರದ್ದಾಯಿತು. ಬ್ರಿಟಿಷ್ ಇಂಡಿಯಾದಲ್ಲಿ 1859ರ 8ನೆಯ ಅಧಿನಿಯಮವಾಗಿ ಬಂದ ಸಿವಿಲ್ ಪ್ರಕ್ರಿಯಾ ಸಂಹಿತೆ 1877ರಲ್ಲಿಯೂ 1882ರಲ್ಲಿಯೂ ಪುನಾರಚನೆಗೊಂಡಿತು. ಮೈಸೂರಿನ ನ್ಯಾಯಾಡಳಿತವೂ ಬೌರಿಂಗ್ ಕಾಲದಿಂದ ಅದೇ ಅಚ್ಚಿಗೆ ಒಳಪಟ್ಟಿತು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿದ ಮೇಲೆ, 1884ರಲ್ಲಿ, ಮೈಸೂರು ಚೀಫ್ ಕೋರ್ಟ್ ಸ್ಥಾಪನೆಯಾಯಿತು. ಅದಕ್ಕೆ ಹೈಕೋರ್ಟ್ ಎಂಬ ಹೆಸರು ಬಂದುದು 1930ರಲ್ಲಿ. ಆದರೆ ಮುಳಬಾಗಿಲು, ಶ್ರೀನಿವಾಸಪುರಗಳ ಪೂರ್ವದ ಗಡಿ ದಾಟಿದರೆ ಆಗಿನ ಮದರಾಸು ಪ್ರಾಂತ. 1862ರಲ್ಲಿ ಸ್ಥಾಪನೆಯಾದ ಮದರಾಸು ಹೈಕೋರ್ಟಿನ ಅಧಿಕಾರವ್ಯಾಪ್ತಿ ಅಲ್ಲಿಂದಲೇ ಆರಂಭ. ನೆಂಟಸ್ತಿಕೆ, ದೇವರು, ಸಂತೆ, ಮಾತು ಎಲ್ಲವೂ ಗಡಿಯ ಎರಡೂ ಕಡೆ ಹರಡಿದ್ದವು. ನ್ಯಾಯದ ಮನೆ ಮಾತ್ರ ಬೇರೆಯಾಗಿತ್ತು.

ಗಡಿಯಾಚೆಯ ಒಂದು ಪ್ರಕರಣ ಈ ಸಂದರ್ಭದಲ್ಲಿ ನೆನಪಿಗೆ ಬರಬೇಕಾದುದು. ಮುಳಬಾಗಿಲಿನಿಂದ ನಂಗಲಿ, ಪಲಮನೇರುಗಳನ್ನು ದಾಟಿದರೆ ಸಿಗುವ ಚಿತ್ತೂರಿನ ಜಿಲ್ಲಾ ಅದಾಲತ್ತಿನಲ್ಲಿ ವಿಶ್ವಕರ್ಮರು ತಮ್ಮ ವಿವಾಹಾದಿ ಕರ್ಮಗಳನ್ನು ವೈದಿಕ ವಿಧಿಯಂತೆ ತಮ್ಮವರಿಂದಲೇ ನಡೆಸಿಕೊಳ್ಳುವ ಹಕ್ಕಿನ ಬಗ್ಗೆ ವ್ಯಾಜ್ಯ ನಡೆಯಿತು. 1818ರಲ್ಲಿ ತೀರ್ಪು ಅವರ ಪರವಾಗಿ ಬಂದಿತು. ಆ ತೀರ್ಪಿನ ಪಾಠ ಮುಂದೆ ಕಿರುಹೊತ್ತಗೆಗಳ ರೂಪದಲ್ಲಿ ಸಮುದಾಯದ ನಡುವೆ ಸಂಚರಿಸಿತು. ಅಂದರೆ ಗೆದ್ದ ದಾವೆಯೊಂದು ಜನಪದ ಪಠ್ಯವಾಯಿತು. ಕುಲದ ಹಿರಿಮೆಯ ಕಥನದಲ್ಲಿ ಪುರಾಣದ ಪಕ್ಕದಲ್ಲಿಯೇ ಅದಕ್ಕೆ ಪೀಠ ದೊರೆಯಿತು. ಸೋತ ದಾವೆಗೆ, ಅದರಲ್ಲಿಯೂ ವಿಚಾರಣೆಯೇ ಇಲ್ಲದೆ ವಜಾ ಆದ ದಾವೆಗೆ, ಇಂತಹ ಭಾಗ್ಯವಿಲ್ಲ. ಅದನ್ನು ಅಚ್ಚು ಹಾಕಿಸುವವರಿಲ್ಲ. ಕಾನೂನು ವರದಿಗಳಾದರೂ ಕಾನೂನಿನ ಪ್ರಶ್ನೆ ಎದ್ದ ಮೊಕದ್ದಮೆಗಳನ್ನಷ್ಟೇ ಪ್ರಕಟಿಸುತ್ತವೆ. ವಾದಿಯ ಗೈರುಹಾಜರಿಗಾಗಿ ಬಿದ್ದುಹೋದ ದಾವೆ ರಿಜಿಸ್ಟರಿನ ಒಂದು ಸಾಲಿಗಿಂತ ಹೆಚ್ಚಿನ ಜಾಗವನ್ನು ಪಡೆಯುವುದಿಲ್ಲ.

ಹಾಗಾದರೆ ಯಾವ ಬಗೆಯ ಹಕ್ಕುಗಳು ಹೀಗೆ ಬಾಗಿಲಲ್ಲಿಯೇ ನಿಂತವು? ಇದಕ್ಕೆ ಉತ್ತರ ಹುಡುಕಲು ಊರಿನ ಹಕ್ಕಿನ ಸ್ವರೂಪವನ್ನೇ ನೋಡಬೇಕು. ಈ ಸೀಮೆಯ ತೋಟಿ, ತಳವಾರ, ನೀರಗಂಟಿಯರ ಹಕ್ಕು ಒಂದೇ ಎಳೆಯದಲ್ಲ. ಕೆರೆಗಳ ನಾಡಾದ ಕೋಲಾರದಲ್ಲಿ ನೀರಗಂಟಿಗೆ ತೂಬು ಎತ್ತುವ ಕೆಲಸವಿದೆ, ಕೆರೆಯ ಕೆಳಗೆ ಇನಾಮು ನೆಲವಿದೆ, ಸುಗ್ಗಿಯಲ್ಲಿ ಕಣದಲ್ಲಿ ಸಿಗುವ ಆಯವಿದೆ, ಗಂಗಮ್ಮನ ಪೂಜೆಯಲ್ಲಿ ನಿಲ್ಲುವ ಜಾಗವಿದೆ, ತಾಂಬೂಲದ ಸರದಿಯಲ್ಲಿ ಒಂದು ಕ್ರಮವಿದೆ. ಇವು ಐದು ಹಕ್ಕುಗಳಲ್ಲ. ಒಂದೇ ಹಕ್ಕಿನ ಐದು ಮುಖಗಳು. ಒಂದನ್ನು ತಡೆದರೆ ಉಳಿದವೂ ಸಡಿಲವಾಗುತ್ತವೆ. ಜಾತ್ರೆಯ ದಿನ ತಾಂಬೂಲ ತಪ್ಪಿದವನಿಗೆ ಮುಂದಿನ ಸುಗ್ಗಿಯಲ್ಲಿ ಆಯವೂ ತಪ್ಪಬಹುದೆಂಬ ಅಂಜಿಕೆ ಸುಮ್ಮನೆ ಹುಟ್ಟಿದ್ದಲ್ಲ. ಹೊರಗಿನವರಿಗೆ ಎರಡು ಎಲೆ ಒಂದು ಅಡಿಕೆಯ ಜಗಳವಾಗಿ ಕಾಣುವುದರ ತಳದಲ್ಲಿ ಗದ್ದೆಯಿರುತ್ತದೆ.

ಸಿವಿಲ್ ಪ್ರಕ್ರಿಯಾ ಸಂಹಿತೆ ಈ ಕಟ್ಟನ್ನು ಬಿಚ್ಚಿತು. 1877ರ ಸಂಹಿತೆಯ 11ನೆಯ ಕಲಮಿನ ವಿವರಣೆಯ ಪ್ರಕಾರ, ಆಸ್ತಿಯ ಅಥವಾ ಅಧಿಕಾರಸ್ಥಾನದ ಹಕ್ಕಿನ ವ್ಯಾಜ್ಯವು, ಅದು ಸಂಪೂರ್ಣವಾಗಿ ಧಾರ್ಮಿಕ ಆಚರಣೆಯ ಪ್ರಶ್ನೆಯನ್ನೇ ಅವಲಂಬಿಸಿದ್ದರೂ, ಸಿವಿಲ್ ಸ್ವರೂಪದ ದಾವೆಯೇ. ಮಾತು ಉದಾರವಾಗಿ ಕಾಣುತ್ತದೆ. ಆದರೆ ಇದರ ಮರುಮುಖವನ್ನು ನ್ಯಾಯಾಲಯಗಳು ಬೆಳೆಸಿಕೊಂಡವು: ಆಸ್ತಿಯೂ ಇಲ್ಲದ, ಅಧಿಕಾರಸ್ಥಾನವೂ ಇಲ್ಲದ ಬರಿಯ ಮರ್ಯಾದೆಗೆ ಸಿವಿಲ್ ದಾವೆ ನಿಲ್ಲದು. ಬೊಂಬಾಯಿ ಪ್ರಾಂತದಲ್ಲಿ 1827ರ 2ನೆಯ ರೆಗ್ಯುಲೇಷನ್ನಿನ 21ನೆಯ ಕಲಂ ಜಾತಿಯ ಪ್ರಶ್ನೆಗಳಲ್ಲಿ ನ್ಯಾಯಾಲಯಗಳು ಕೈಹಾಕಬಾರದೆಂದು ಇನ್ನೂ ಮೊದಲೇ ಹೇಳಿತ್ತು. ಮಾನಹಾನಿಗೆ ಪರಿಹಾರ ಕೇಳುವ ದಾವೆಗೆ ಮಾತ್ರ ಅಲ್ಲಿ ವಿನಾಯಿತಿ. ಹೀಗೆ ಊರಿನವರ ಪಾಲಿಗೆ ಒಂದಾಗಿದ್ದುದು ನ್ಯಾಯಾಲಯದ ಪಾಲಿಗೆ ಮೂರು ರಾಶಿಗಳಾಯಿತು: ನೆಲ ಮತ್ತು ಅಧಿಕಾರಸ್ಥಾನ ಒಳಗೆ, ಮರ್ಯಾದೆ ಹೊರಗೆ, ಜಾತಿ ಹೊರಗೆ.

ಮರ್ಯಾದೆಯ ವ್ಯಾಜ್ಯಗಳು ಆ ಕಾಲದಲ್ಲಿ ವಿರಳವಾಗಿರಲಿಲ್ಲ. ಒಬ್ಬ ಶಂಕರಪೀಠದ ಸ್ವಾಮಿಗಳಿಗೂ ಲಿಂಗಾಯತ ಚರಂತಿಯೊಬ್ಬರಿಗೂ ನಡುವೆ ಅಡ್ಡಪಲ್ಲಕ್ಕಿಯ ಗೌರವಕ್ಕಾಗಿ ಎದ್ದ ವ್ಯಾಜ್ಯ 1843ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋಗಿತ್ತು. ಪಲ್ಲಕ್ಕಿಯನ್ನು ಬೀದಿಯ ಉದ್ದಕ್ಕೆ ಹೊರಬೇಕೋ ಅಡ್ಡಕ್ಕೆ ಹೊರಬೇಕೋ ಎಂಬುದು ಸಾಗರದಾಚೆಯ ನ್ಯಾಯಮೂರ್ತಿಗಳಿಗೆ ಎಷ್ಟು ಅರ್ಥವಾಗಿತ್ತೆಂಬುದು ಬೇರೆ ಮಾತು. ಕೋಲಾರ ಸೀಮೆಯಲ್ಲಿ ಬಲಗೈ ಎಡಗೈ ಪಣಗಳ ನಡುವಿನ ಪೈಪೋಟಿಯೂ ಇದೇ ಜಾತಿಯದು. ಬಿ. ಎಲ್. ರೈಸ್ ಅವರ ಗೆಜೆಟಿಯರ್ ದಾಖಲಿಸುವಂತೆ ಹದಿನೆಂಟು ಪಣದ ಬಲಗೈಯವರು ಮದುವೆಯ ಚಪ್ಪರಕ್ಕೆ ಹನ್ನೆರಡು ಕಂಬ ನೆಡುವುದು, ಕುದುರೆಯ ಮೇಲೆ ಮೆರವಣಿಗೆ ಹೋಗುವುದು, ಹನುಮಂತನ ಚಿತ್ರವಿರುವ ಧ್ವಜ ಹಿಡಿಯುವುದು ತಮಗೆ ಮಾತ್ರ ಸಲ್ಲತಕ್ಕದ್ದೆಂದು ಹೇಳುತ್ತಿದ್ದರು. ಎಡಗೈಯವರಿಗೆ ಹನ್ನೊಂದೇ ಕಂಬ. ಬಲಗೈ ಪಣದ ಗಂಟೆ ಬಟ್ಟಲನ್ನು ಹೊರುತ್ತಿದ್ದವನು ಹೊಲೆಯರ ಚಲವಾದಿ. ಹನ್ನೆರಡನೆಯ ಕಂಬಕ್ಕೆ ಬೆಲೆ ಕಟ್ಟಲಾಗದು. ಬೆಲೆ ಕಟ್ಟಲಾಗದ್ದಕ್ಕೆ ದಾವೆಯ ಮೌಲ್ಯ ನಿರ್ಧರಿಸುವುದು ಹೇಗೆ, 1870ರ ಕೋರ್ಟ್ ಫೀ ಕಾಯಿದೆಯಂತೆ ಸ್ಟಾಂಪು ಹಚ್ಚುವುದು ಎಷ್ಟಕ್ಕೆ?

ವಾದಿಗಳು ಬಹುಬೇಗ ಉಪಾಯ ಕಲಿತರು. ಮರ್ಯಾದೆಯನ್ನು ಸಿವಿಲ್ ಸ್ವರೂಪಕ್ಕೆ ತರಲು ಅದಕ್ಕೊಂದು ಆದಾಯವನ್ನು ಗಂಟುಹಾಕಿದರೆ ಸಾಕಾಗಿತ್ತು. ತೆಂಗಿನಕಾಯಿಯ ಒಂದು ಹೋಳು, ದಕ್ಷಿಣೆಯ ಎರಡು ಕಾಸು, ಪ್ರಸಾದದ ಒಂದು ಪಾಲು ಇವನ್ನು ಸ್ಥಾನಕ್ಕೆ ಅಂಟಿದ ಉತ್ಪತ್ತಿಯೆಂದು ವಾದಪತ್ರದಲ್ಲಿ ಬರೆಯಲಾಗುತ್ತಿತ್ತು. ಅಲ್ಲಿಂದಾಚೆಗೆ ಸಾಕ್ಷಿಗಳೂ ಅದೇ ಭಾಷೆಯಲ್ಲಿ ಮಾತನಾಡತೊಡಗುತ್ತಾರೆ. ತಲೆತಲಾಂತರದಿಂದ ನಮ್ಮ ಮನೆಯವರೇ ಮುಂದೆ ನಿಲ್ಲುವುದು ಎನ್ನಬೇಕಾದವನು ತಲೆತಲಾಂತರದಿಂದ ನಮಗೆ ಇಷ್ಟು ಕಾಸು ಬರುತ್ತಿತ್ತು ಎನ್ನುತ್ತಾನೆ. ಇಂತಹ ಹೇಳಿಕೆಗಳನ್ನು ನೇರವಾಗಿ ಜಾನಪದ ಆಕರಗಳೆಂದು ಉದ್ಧರಿಸುವ ಸಂಶೋಧನ ಪ್ರಬಂಧಗಳಲ್ಲಿ ಊರದೇವತೆಯ ಜಾತ್ರೆ ಒಂದು ಆದಾಯ ಹಂಚಿಕೆಯ ವ್ಯವಸ್ಥೆಯಂತೆ ಕಂಡರೆ ಆಶ್ಚರ್ಯವಿಲ್ಲ. ಅದು ಜಾತ್ರೆಯ ಗುಣವಲ್ಲ. 11ನೆಯ ಕಲಮಿನ ನೆರಳು. ಸಂದರ್ಭವನ್ನು ಬಿಟ್ಟು ಪಠ್ಯವನ್ನು ಓದಬಾರದೆಂದು ಮೂರು ದಶಕಗಳಿಂದ ಹೇಳುತ್ತ ಬಂದಿರುವ ಜಾನಪದ ಶಾಸ್ತ್ರವು ನ್ಯಾಯಾಲಯದ ಪಠ್ಯಗಳ ವಿಷಯದಲ್ಲಿ ಮಾತ್ರ ಈ ಎಚ್ಚರವನ್ನು ಸಡಿಲಿಸಿದೆ.

ಎರಡನೆಯ ತೊಡಕು ವಾದಿ ಯಾರೆಂಬುದು. ಊರು ಎಂಬುದು ನಡವಳಿಯಲ್ಲಿ ಜೀವಂತ ವ್ಯಕ್ತಿ. ಊರು ಕೂಡುತ್ತದೆ, ಊರು ತಪ್ಪು ಹಾಕುತ್ತದೆ, ಊರು ಹರಕೆ ಹೊರುತ್ತದೆ, ಊರೊಟ್ಟಿನ ಮೇಲೆ ದೇವರನ್ನು ಎಬ್ಬಿಸುತ್ತದೆ. ಸಂಹಿತೆಯಲ್ಲಿ ಊರಿಗೆ ಬಾಯಿಲ್ಲ. 1877ರ ಮತ್ತು 1882ರ ಸಂಹಿತೆಗಳ 30ನೆಯ ಕಲಂ ಒಂದೇ ಹಿತಾಸಕ್ತಿಯುಳ್ಳ ಅನೇಕರ ಪರವಾಗಿ ಒಬ್ಬಿಬ್ಬರು ದಾವೆ ಹೂಡಬಹುದೆಂದಿತು. ಆದರೆ ಅದಕ್ಕೆ ನ್ಯಾಯಾಲಯದ ಅನುಮತಿ ಬೇಕು, ಉಳಿದವರಿಗೆ ನೋಟೀಸು ಆಗಬೇಕು. ಹತ್ತು ಜನ ಹೇಳಿದ ಮೇಲೆ ಮತ್ತೇನು ಅನುಮತಿ ಎಂದು ತಿಳಿದು ಬಂದ ಯಜಮಾನನ ದಾವೆ ಈ ಹಂತದಲ್ಲಿಯೇ ಬೀಳುವ ಸಂಭವವಿತ್ತು. ಆದರೆ ವಿಚಿತ್ರವೆಂದರೆ ಪ್ರತಿಷ್ಠೆಯಾದ ದೇವರಿಗೆ ಕಾನೂನಿನಲ್ಲಿ ವ್ಯಕ್ತಿತ್ವವಿತ್ತು. ದೇವರ ಹೆಸರಿನಲ್ಲಿ ದಾವೆ ಹೂಡಬಹುದಾಗಿತ್ತು. ಗರ್ಭಗುಡಿ, ದತ್ತಿ, ಉತ್ಪತ್ತಿಯುಳ್ಳ ದೇವರಿಗೆ ಈ ಸೌಲಭ್ಯ ಸುಲಭವಾಗಿ ಸಿಕ್ಕಿತು. ಈ ತಾಲ್ಲೂಕುಗಳ ಎಷ್ಟೋ ಗ್ರಾಮದೇವತೆಗಳ ಸ್ಥಿತಿ ಬೇರೆ. ಮಾರಮ್ಮ, ಸಪ್ಪಲಮ್ಮ, ಯಲ್ಲಮ್ಮರಲ್ಲಿ ಕೆಲವರು ಹಬ್ಬದ ದಿನಕ್ಕೆ ಮಣ್ಣಿನಲ್ಲಿಯೋ ಕಲಶದಲ್ಲಿಯೋ ಮೈದಾಳಿ, ಹಬ್ಬ ಮುಗಿದ ಮೇಲೆ ನೀರು ಸೇರುವವರು. ವರ್ಷಕ್ಕೆರಡು ದಿನ ಮಾತ್ರ ಇರುವ ದೇವತೆಯ ಹೆಸರಿನಲ್ಲಿ ವಕಾಲತ್ತು ಸಲ್ಲಿಸುವುದೆಂತು? ಕಲ್ಲಿನ ದೇವರು ನ್ಯಾಯಾಲಯಕ್ಕೆ ಹೋಗಬಲ್ಲರು. ಮಣ್ಣಿನ ದೇವತೆ ಹೋಗಲಾರಳು. ತಂಬಿಟ್ಟಿನ ದೀಪಗಳ ಮೆರವಣಿಗೆಯಲ್ಲಿ ಯಾವ ಮನೆಯ ದೀಪ ಮೊದಲು ಎಂಬ ವ್ಯಾಜ್ಯ ಇಂದಿಗೂ ಊರ ಕಟ್ಟೆಯಲ್ಲಿಯೋ ಪೊಲೀಸ್ ಠಾಣೆಯಲ್ಲಿಯೋ ತೀರುವುದಕ್ಕೆ ಇದೂ ಒಂದು ಕಾರಣ.

ಕಾಲ ಮತ್ತು ದೂರದ ಮಾತು ಸಣ್ಣದೆಂದು ಕಾಣಬಹುದು. 1882ರ ಸಂಹಿತೆಯ 98ನೆಯ ಕಲಮಿನಂತೆ ವಾಯಿದೆಯ ದಿನ ಎರಡೂ ಕಡೆಯವರು ಗೈರುಹಾಜರಾದರೆ ದಾವೆ ವಜಾ. ಆದರೆ 99ನೆಯ ಕಲಂ ಹೊಸ ದಾವೆಗೆ ಎಡೆಕೊಡುತ್ತದೆ. ವಾದಿಯೊಬ್ಬನೇ ಗೈರುಹಾಜರಾಗಿ, ಬಂದ ಪ್ರತಿವಾದಿ ದಾವೆಯನ್ನು ಒಪ್ಪದಿದ್ದರೆ 102ನೆಯ ಕಲಮಿನಂತೆ ವಜಾ. ಆಗ 103ನೆಯ ಕಲಂ ಅದೇ ಕಾರಣದ ಮೇಲೆ ಮತ್ತೆ ದಾವೆ ಹೂಡುವುದನ್ನು ತಡೆಯುತ್ತದೆ. ತಕ್ಕ ಕಾರಣ ತೋರಿಸಿ ವಜಾ ಆಜ್ಞೆಯನ್ನು ರದ್ದುಪಡಿಸಿಕೊಳ್ಳುವುದೊಂದೇ ಉಳಿದ ದಾರಿ. ಇದರೊಡನೆ ಭೂಪಟವನ್ನಿಟ್ಟು ನೋಡಬೇಕು. ಬೆಂಗಳೂರಿನಿಂದ ಜೋಲಾರಪೇಟೆಗೆ ಹೋಗುವ ರೈಲು 1864ರಿಂದಲೇ ಮಾಲೂರಿನ ಮೂಲಕ ಓಡುತ್ತಿತ್ತು. ಮುಳಬಾಗಿಲು, ಶ್ರೀನಿವಾಸಪುರಗಳಿಗೆ 19ನೆಯ ಶತಮಾನವಿಡೀ ಎತ್ತಿನ ಬಂಡಿಯೇ ಗತಿ. ಮೇಲ್ಮನವಿಗೆ ಬೆಂಗಳೂರಿಗೆ ಹೋಗಬೇಕಾದಾಗ ಮಾಲೂರಿನವನ ಒಂದು ದಿನ ಶ್ರ��ನಿವಾಸಪುರದವನಿಗೆ ಮೂರು ನಾಲ್ಕು ದಿನ. ಕೂಲಿಯವನಿಗೆ ಅದು ಒಂದು ವಾರದ ಅನ್ನ. ಒಂದೇ ಕಲಂ ಒಂದೇ ಜಿಲ್ಲೆಯ ಇಬ್ಬರ ಮೇಲೆ ಒಂದೇ ತೂಕದಲ್ಲಿ ಬೀಳಲಿಲ್ಲವೆಂದು ಊಹಿಸುವುದಕ್ಕೆ ಹೆಚ್ಚಿನ ಪುರಾವೆ ಬೇಡ.

43ನೆಯ ಕಲಂ ಇನ್ನೂ ತೀಕ್ಷ್ಣವಾದುದು. ಒಂದು ದಾವೆಯಲ್ಲಿ ಕೇಳಬಹುದಾಗಿದ್ದನ್ನು ಕೇಳದೆ ಬಿಟ್ಟರೆ ಆ ಭಾಗಕ್ಕೆ ಮತ್ತೆ ದಾವೆ ಹೂಡುವಂತಿಲ್ಲ. ಊರಿನ ಹಕ್ಕುಗಾರ ಹಕ್ಕನ್ನು ಪೂರ್ತಿಯಾಗಿ ಒಂದೇ ಬಾರಿಗೆ ಹೇಳುವ ಅಭ್ಯಾಸದವನಲ್ಲ. ಎಲ್ಲಿ ತಡೆಬಂದಿತೋ ಅಲ್ಲಿಯಷ್ಟೇ ಹೇಳುತ್ತಾನೆ, ಉಳಿದದ್ದು ಎಲ್ಲರಿಗೂ ತಿಳಿದದ್ದೇ ಎಂಬ ನಂಬಿಕೆಯಿಂದ. ಮೌಖಿಕ ಸಮಾಜದ ಈ ಮಿತಭಾಷೆಯೇ ಸಂಹಿತೆಯ ಮುಂದೆ ತ್ಯಾಗವೆಂದು ಎಣಿಕೆಯಾಯಿತು.

ಇಷ್ಟಾದ ಮೇಲೆ ಊರಿನ ನ್ಯಾಯವೇ ಮೇಲಾಗಿತ್ತೆಂಬ ತೀರ್ಮಾನಕ್ಕೆ ಜಾರುವುದು ಸುಲಭ. ಕನ್ನಡ ಜಾನಪದ ಬರೆಹದಲ್ಲಿ ಈ ಜಾರುವಿಕೆ ಹೊಸದಲ್ಲ. ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎಂಬ ಗಾದೆಯನ್ನು ಪಂಚಾಯಿತಿಯ ವಿವೇಕಕ್ಕೆ ನಿದರ್ಶನವಾಗಿ ಕೊಡುವುದುಂಟು. ಆ ಗಾದೆಯಲ್ಲಿ ಸಾಯುವ ಹಾವು ಯಾರೆಂದು ಕೇಳುವುದಿಲ್ಲ. ಊರಿನ ನಡವಳಿಗೂ ತನ್ನದೇ ಕಟ್ಟುನಿಟ್ಟಾದ ಪ್ರಕ್ರಿಯೆಯಿತ್ತು. ಯಾರು ಮಾತನಾಡಬೇಕು, ಯಾರು ಕಟ್ಟೆಯ ಕೆಳಗೆ ನಿಲ್ಲಬೇಕು, ಯಾರ ಆಣೆ ಸಲ್ಲುತ್ತದೆ ಎಂಬುದೆಲ್ಲ ಗೊತ್ತಾದ ವಿಷಯ. ಹೆಂಗಸಿನ ಮಾತು ಗಂಡಸಿನ ಬಾಯಿಂದ ಬರಬೇಕಾಗಿತ್ತು. ಅಲ್ಲಿಯೂ ವಜಾ ಆಗುತ್ತಿತ್ತು. ರಿಜಿಸ್ಟರ್ ಮಾತ್ರ ಇರಲಿಲ್ಲ.

ಈ ಸಂಬಂಧದಲ್ಲಿ ಕ್ಯಾಪ್ಟನ್ ಜೆ. ಎಸ್. ಎಫ್. ಮೆಕೆಂಜಿ 1870ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಮೈಸೂರು ಸೀಮೆಯ ಕುಳವಾಡಿಯ ಬಗ್ಗೆ ಬರೆದದ್ದು ಮತ್ತೆ ಮತ್ತೆ ಉದ್ಧೃತವಾಗಿದೆ. ಎರಡು ಊರುಗಳ ನಡುವೆ ಎಲ್ಲೆಯ ವ್ಯಾಜ್ಯ ಬಂದಾಗ ಹೊಲೆಯರ ಕುಳವಾಡಿ ಮಿಂದು ಮಡಿಯಾಗಿ, ಊರ ಮಣ್ಣಿನ ಉಂಡೆ ಮಾಡಿ, ಅದರ ನಡುವೆ ನೀರಿಟ್ಟು, ತಲೆಯ ಮೇಲೆ ಹೊತ್ತು ಎಲ್ಲೆಯ ಗುಂಟ ನಡೆಯುತ್ತಾನೆ. ನಿಜವಾದ ಎಲ್ಲೆಯಲ್ಲಿ ನಡೆದರೆ ಉಂಡೆಗೆ ಏನೂ ಆಗದು. ತಿಳಿದೋ ತಿಳಿಯದೆಯೋ ತಪ್ಪಿ ನಡೆದರೆ ಉಂಡೆ ತಾನಾಗಿ ಒಡೆಯುತ್ತದೆ. ಹದಿನೈದು ದಿನಗಳಲ್ಲಿ ಕುಳವಾಡಿ ಸಾಯುತ್ತಾನೆ, ಅವನ ಮನೆ ಹಾಳಾಗುತ್ತದೆ ಎಂದು ನಂಬಿಕೆ. ಊರಿನ ನೆಲ ಮೂಲತಃ ಹೊಲೆಯರದೆಂಬ ನೆನಪಿನ ಕುರುಹು ಇದರಲ್ಲಿದೆಯೆಂದು ಮೆಕೆಂಜಿ ಗ್ರಹಿಸಿದರು. ಮುಂದಿನ ಬಹುತೇಕ ವಿದ್ವಾಂಸರು ಇದನ್ನೇ ಒಪ್ಪಿ ಮುಂದುವರಿಸಿದರು.

ಆ ಗ್ರಹಿಕೆಯಲ್ಲಿ ಹುರುಳಿದೆ. ಆದರೆ ಪ್ರಕ್ರಿಯೆಯ ದೃಷ್ಟಿಯಿಂದ ಓದಿದಾಗ ಬೇರೊಂದು ಸಂಗತಿ ಎದ್ದು ಕಾಣುತ್ತದೆ. ವ್ಯಾಜ್ಯ ಇರುವುದು ಎರಡು ಊರುಗಳ ಉಳುವವರ ನಡುವೆ. ಗೆದ್ದರೆ ನೆಲ ಅವರಿಗೆ. ತಪ್ಪಿದರೆ ಸಾವು ಮಾತ್ರ ಕುಳವಾಡಿಗೆ. ಸಾಕ್ಷಿಯೂ ಅವನೇ, ದಿವ್ಯಕ್ಕೆ ಒಳಗಾಗುವವನೂ ಅವನೇ, ಶಿಕ್ಷೆ ಅನುಭವಿಸುವವನೂ ಅವನೇ. ಫಲದಲ್ಲಿ ಮಾತ್ರ ಅವನಿಗೆ ಪಾಲಿಲ್ಲ. ನೆಲದ ಸತ್ಯ ಅವನ ತಲೆಯ ಮೇಲಿತ್ತೆನ್ನುವುದೂ ದಿಟ, ಆ ಸತ್ಯದ ಅಪಾಯವನ್ನು ಊರು ಅವನ ಮೈಗೆ ವರ್ಗಾಯಿಸಿತ್ತೆನ್ನುವುದೂ ದಿಟ. ಮೊದಲನೆಯದನ್ನು ಕುರಿತು ಪುಟಗಟ್ಟಲೆ ಬರೆಯಲಾಗಿದೆ. ಎರಡನೆಯದರ ಬಗ್ಗೆ ಇರುವ ಮೌನವನ್ನು ಬರಿಯ ಮರೆವು ಎನ್ನಲಾಗದು. ಇದೇ ಸೀಮೆಯ ಮೊರಸು ಒಕ್ಕಲಿಗರ ಹೆಂಗಸರು ಮಕ್ಕಳ ಕಿವಿ ಚುಚ್ಚುವ ಸಂದರ್ಭದಲ್ಲಿ ಬೆರಳು ಕೊಡುತ್ತಿದ್ದ ಆಚರಣೆಯನ್ನು ಬ್ಯುಕನನ್ 1800ರಲ್ಲಿ ಕೇಳಿ ಬರೆದುಕೊಂಡಿದ್ದಾನೆ. ಕುಟುಂಬದ ಹರಕೆಗೆ ಹೆಣ್ಣಿನ ಬೆರಳು, ಊರಿನ ಎಲ್ಲೆಗೆ ಕುಳವಾಡಿಯ ಪ್ರಾಣ: ಜಾಮೀನು ಯಾರ ಮೈಯಲ್ಲಿ ಬರೆಯಲ್ಪಡುತ್ತದೆ ಎಂಬ ಪ್ರಶ್ನೆಗೆ ಊರಿನ ನಡವಳಿ ಕೊಡುವ ಉತ್ತರದಲ್ಲಿ ಒಂದು ಸ್ಥಿರತೆಯಿದೆ.

ಹೀಗೆ ನೋಡಿದಾಗ 1873ರ ಇಂಡಿಯನ್ ಓತ್ಸ್ ಆಕ್ಟ್, ಅಂದರೆ ಪ್ರಮಾಣಗಳ ಕಾಯಿದೆ, ಜಾನಪದ ವಿದ್ವಾಂಸರು ಅವಶ್ಯವಾಗಿ ಓದಬೇಕಾದ ಪಠ್ಯವಾಗುತ್ತದೆ. ಬ್ರಿಟಿಷ್ ಇಂಡಿಯಾದ ಸಿವಿಲ್ ನ್ಯಾಯಾಲಯದೊಳಕ್ಕೆ ಊರಿನ ಆಣೆಯನ್ನು ಬಿಟ್ಟುಕೊಂಡ ಬಾಗಿಲು ಅದು. ಅದರ 8ರಿಂದ 12ನೆಯ ಕಲಮುಗಳಂತೆ ಒಬ್ಬ ಪಕ್ಷಗಾರ ತನ್ನ ಎದುರಾಳಿಗೆ, ನೀನು ನಿನ್ನವರಲ್ಲಿ ಸಲ್ಲುವ ಇಂತಹ ಆಣೆ ಇಟ್ಟು ಹೇಳಿದರೆ ನಾನು ಒಪ್ಪುತ್ತೇನೆ, ಎಂದು ಸವಾಲು ಹಾಕಬಹುದಾಗಿತ್ತು. ಎದುರಾಳಿ ಒಪ್ಪಿ ಆಣೆ ಇಟ್ಟು ನುಡಿದರೆ ಆ ನುಡಿಯೇ ನಿರ್ಣಾಯಕ ಪುರಾವೆ. ನ್ಯಾಯಾಲಯದ ಹೊರಗೆ, ಬೇಕಾದ ಸ್ಥಳದಲ್ಲಿ, ಆಣೆ ಇಡಿಸಿಕೊಳ್ಳಲು ಒಬ್ಬರನ್ನು ನೇಮಿಸುವುದಕ್ಕೂ ಅವಕಾಶವಿತ್ತು. ಗುಡಿಯಲ್ಲಿ ಕರ್ಪೂರ ಹಚ್ಚಿ ಆರಿಸಿ ನುಡಿಯುವ ಊರಿನ ಆಣೆ ಹೀಗೆ ಡಿಕ್ರಿಯ ಆಧಾರವಾಗಬಲ್ಲುದಾಗಿತ್ತು. ಆಣೆಗೆ ಒಪ್ಪದವನನ್ನು ಬಲವಂತಪಡಿಸುವಂತಿರಲಿಲ್ಲ. ಆದರೆ ಅವನು ಒಪ್ಪಲಿಲ್ಲವೆಂಬುದನ್ನೂ ಅದಕ್ಕೆ ಕೊಟ್ಟ ಕಾರಣವನ್ನೂ ನ್ಯಾಯಾಲಯ ಬರೆದಿಡಬೇಕಾಗಿತ್ತು.

ಕಾಯಿದೆ ಎರಡು ಷರತ್ತುಗಳನ್ನು ಹಾಕಿತ್ತು. ಆಣೆ ನ್ಯಾಯಕ್ಕೂ ಸಭ್ಯತೆಗೂ ವಿರುದ್ಧವಾಗಿರಬಾರದು. ಅದರ ಪರಿಣಾಮ ಮೂರನೆಯವರ ಮೇಲೆ ಆಗುವಂತಿರಬಾರದು. ಎರಡನೆಯ ಷರತ್ತು ಊರಿನ ಆಣೆಯ ಬೇರನ್ನೇ ಕತ್ತರಿಸುತ್ತದೆ. ಮಗನ ತಲೆ ಮುಟ್ಟಿ ಆಣೆ ಇಡುವುದರ ಬಲವಿರುವುದು ಮಗನಲ್ಲಿ. ನನ್ನ ಮನೆ ಹಾಳಾಗಲಿ, ನನ್ನ ದನ ಸಾಯಲಿ, ನನ್ನ ವಂಶ ಅಳಿಯಲಿ ಎಂಬ ಮಾತುಗಳೆಲ್ಲ ಮೂರನೆಯವರನ್ನು ಒತ್ತೆಯಿಡುವ ಮಾತುಗಳೇ. ಒಬ್ಬಂಟಿ ವ್ಯಕ್ತಿಯ ಆತ್ಮಸಾಕ್ಷಿಯನ್ನು ಊರಿನ ನಡವಳಿ ಪೂರ್ತಿಯಾಗಿ ನಂಬಿದ್ದಿಲ್ಲ. ಅದು ನಂಬಿದ್ದು ಅವನು ಕಳೆದುಕೊಳ್ಳಲಾರದ ಬೇರೆಯವರನ್ನು. ಈ ನಂಬಿಕೆ ಬಹಳ ಹಳೆಯದು. ರೈಸ್ 1905ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯದು. ಅಲ್ಲಿನ ದಾನಶಾಸನಗಳ ಕೊನೆಯ ಶಾಪವಾಕ್ಯಗಳನ್ನು ಈ ಕಾಯಿದೆಯ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಶಾಸನದ ಶಾಪ ಅಳುಪಿದವನ ಪೀಳಿಗೆಯನ್ನೂ ಪರಲೋಕವನ್ನೂ ಹಿಡಿಯುತ್ತದೆ. ಕಾಯಿದೆ ಅವನೊಬ್ಬನನ್ನೇ ಹಿಡಿಯಬಯಸುತ್ತದೆ. ಮೂರನೆಯವರನ್ನು ರಕ್ಷಿಸುವ ಆ ಷರತ್ತನ್ನು ಹೊರಗಿನವರ ಅಜ್ಞಾನವೆಂದು ತಳ್ಳಿಹಾಕುವುದು ಅವಸರದ ಮಾತಾದೀತು. ಕುಳವಾಡಿಯ ಮಣ್ಣಿನ ಉಂಡೆ ಈ ಷರತ್ತಿನ ಮುಂದೆ ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ಎರಡು ಊರುಗಳ ವ್ಯಾಜ್ಯದಲ್ಲಿ ಅವನೇ ಆ ಮೂರನೆಯವನು.

ಊರಿನ ನಡವಳಿಗೂ ಸಂಹಿತೆಗೂ ನಡುವೆ ನಿಂತವರಲ್ಲಿ ಎಚ್. ವಿ. ನಂಜುಂಡಯ್ಯನವರು ಪ್ರಮುಖರು. ಮೈಸೂರು ಚೀಫ್ ಕೋರ್ಟಿನ ನ್ಯಾಯಾಧೀಶರಾಗಿದ್ದ ಅವರೇ ಮೈಸೂರಿನ ಜನಾಂಗ ಸಮೀಕ್ಷೆಯ ಹೊಣೆ ಹೊತ್ತರು. ಒಂದೊಂದು ಜಾತಿಯ ಮೇಲಿನ ಕಿರುಗ್ರಂಥಗಳು 1906ರಿಂದ ಪ್ರಕಟವಾಗತೊಡಗಿದವು. ಅನಂತರ ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರ ಸೇರ್ಪಡೆಗಳೊಂದಿಗೆ 1928ರಿಂದ 1935ರವರೆಗೆ ನಾಲ್ಕು ಸಂಪುಟಗಳಾಗಿ ಹೊರಬಂದ 'ದಿ ಮೈಸೂರ್ ಟ್ರೈಬ್ಸ್ ಅಂಡ್ ಕ್ಯಾಸ್ಟ್ಸ್' ಇಂದಿಗೂ ಅನಿವಾರ್ಯ ಆಕರ. ಕಾನೂನನ್ನು ಕನ್ನಡದಲ್ಲಿ ತಿಳಿಸಲು 'ವ್ಯವಹಾರ ದೀಪಿಕೆ', 'ಲೇಖ್ಯಬೋಧಿನಿ'ಗಳನ್ನು ಬರೆದವರೂ ಅವರೇ. ಪತ್ರ ಬರೆಯುವ ಕ್ರಮ ತಿಳಿಯದೆ ಹಕ್ಕು ಕಳೆದುಕೊಳ್ಳುವವರನ್ನು ಕಂಡಿದ್ದ ನ್ಯಾಯಾಧೀಶರಿಗೆ ಮಾತ್ರ ಅಂತಹ ಪುಸ್ತಕಗಳ ಅಗತ್ಯ ಹೊಳೆದೀತು. ಸಮೀಕ್ಷೆಯ ಕಿರುಗ್ರಂಥಗಳಲ್ಲಿ ಕಟ್ಟೆಮನೆ, ಯಜಮಾನ, ತಪ್ಪುಕಾಣಿಕೆಗಳ ವಿವರ ಎಚ್ಚರದಿಂದ ಬಂದಿರುವುದಕ್ಕೂ ಈ ಅನುಭವವೇ ಕಾರಣವಿರಬೇಕು.

ಆದರೆ ಸಮೀಕ್ಷೆಯ ಚೌಕಟ್ಟೇ ಒಂದು ಮಿತಿಯನ್ನು ತಂದಿತು. ಒಂದು ಜಾತಿಗೆ ಒಂದು ಅಧ್ಯಾಯ. ಒಕ್ಕಲಿಗರ ಅಧ್ಯಾಯದಲ್ಲಿ ಒಕ್ಕಲಿಗರ ಕಟ್ಟೆಮನೆ, ಹೊಲೆಯರ ಅಧ್ಯಾಯದಲ್ಲಿ ಹೊಲೆಯರ ಕಟ್ಟೆಮನೆ. ಒಕ್ಕಲಿಗನ ಕಣದಲ್ಲಿ ಕುಳವಾಡಿ ಆಯಕ್ಕೆ ಕೈಚಾಚುವಾಗ ಹುಟ್ಟುವ ವ್ಯಾಜ್ಯಕ್ಕೆ ಯಾವ ಅಧ್ಯಾಯದಲ್ಲಿಯೂ ಎಡೆಯಿಲ್ಲ. ಅದು ಎರಡು ಅಧ್ಯಾಯಗಳ ನಡುವಿನ ಬಿಳಿಯ ಹಾಳೆಯಲ್ಲಿ ಉಳಿದುಹೋಯಿತು. ಸಿವಿಲ್ ಸಂಹಿತೆ ಜಾತಿಯ ಪ್ರಶ್ನೆಯನ್ನು ಜಾತಿಗೇ ಬಿಟ್ಟಿತು, ಸಮೀಕ್ಷೆ ಜಾತಿಯನ್ನು ಅಧ್ಯಾಯಕ್ಕೆ ಕಟ್ಟಿತು. ಜಾತಿ ಜಾತಿಗಳ ನಡುವಿನ ಹಕ್ಕು ಎರಡೂ ಕಡೆ ವಜಾ ಆಯಿತು. ಸ್ವಾತಂತ್ರ್ಯಾನಂತರದ ಕನ್ನಡ ಜಾನಪದ ಸಂಗ್ರಹಕಾರ್ಯ ಲಾವಣಿ, ಗಾದೆ, ಒಗಟು, ಕಥೆಗಳ ವಿಷಯದಲ್ಲಿ ಮಾಡಿದ ಸಾಧನೆ ದೊಡ್ಡದು. ಮೊಕದ್ದಮೆಯ ಕಥನವನ್ನು ಮಾತ್ರ ಅದು ಒಂದು ಪ್ರಕಾರವಾಗಿ ಗುರುತಿಸಲಿಲ್ಲ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಎಲ್ಲ ಸಂಕಲನಗಳಲ್ಲಿದೆ. ಸತ್ತವನು ಏನನ್ನು ಕೇಳಲು ಹೋಗಿದ್ದನೆಂಬುದು ಎಲ್ಲಿಯೂ ಇಲ್ಲ.

ಇದು ಗತಕಾಲದ ಕುತೂಹಲವಷ್ಟೇ ಆಗಿದ್ದರೆ ಇಷ್ಟು ವಿಸ್ತಾರ ಬೇಕಿರಲಿಲ್ಲ. 1961ರ ಕರ್ನಾಟಕ ಗ್ರಾಮಾಧಿಕಾರಗಳ ರದ್ದತಿ ಅಧಿನಿಯಮ ತೋಟಿ, ತಳವಾರ, ನೀರಗಂಟಿ ಮೊದಲಾದ ವಂಶಪಾರಂಪರ್ಯ ಸ್ಥಾನಗಳನ್ನು ತೆಗೆದುಹಾಕಿ, ಇನಾಮು ನೆಲವನ್ನು ಅದರ ಹಕ್ಕುದಾರರಿಗೆ ಮರುಮಂಜೂರು ಮಾಡಲು ಅವಕಾಶ ಕಲ್ಪಿಸಿತು. ಪರಿಶಿಷ್ಟರಿಗೆ ಮಂಜೂರಾದ ಭೂಮಿಯ ಪರಭಾರೆಯನ್ನು ನಿಷೇಧಿಸುವ ಅಧಿನಿಯಮ 1978ರಲ್ಲಿ ಬಂದಿತು. ದಲಿತ ಜನಸಂಖ್ಯೆ ಹೆಚ್ಚಾಗಿರುವ ಕೋಲಾರ ಜಿಲ್ಲೆಯಲ್ಲಿ ಈ ಎರಡು ಅಧಿನಿಯಮಗಳ ಮಹತ್ವ ಎಷ್ಟೆಂದು ವಿವರಿಸಬೇಕಿಲ್ಲ. ಮರುಮಂಜೂರಾತಿಯ ವಿಚಾರಣೆಯಲ್ಲಿ ಕೇಳುವ ಪ್ರಶ್ನೆ ಒಂದೇ: ಸ್ಥಾನ ಯಾರದಾಗಿತ್ತು? ಕಾಗದವಿದ್ದವನು ಕಾಗದ ತೋರಿಸುತ್ತಾನೆ. ಅಜ್ಜನ ದಾವೆ ವಜಾ ಆಗಿತ್ತೆಂಬ ಮಾತನ್ನು ಎದುರಾಳಿ ಎತ್ತುವುದೂ ಇಂತಹ ವೇಳೆಯಲ್ಲಿಯೇ. ಆಗ ಆ ವಜಾ ಯಾವ ಅರ್ಥದ್ದೆಂದು ಬಿಡಿಸಿ ಹೇಳಬಲ್ಲವರು ಬೇಕಾಗುತ್ತಾರೆ.

ಹಾಗೆ ಬಿಡಿಸಿ ಹೇಳುವುದಕ್ಕೆ ಕಾನೂನಿನಲ್ಲಿಯೇ ಆಧಾರವಿದೆ. 1882ರ ಸಂಹಿತೆ ವಾದಪತ್ರದ ತಿರಸ್ಕಾರವನ್ನು ಹಕ್ಕಿನ ನಿರಾಕರಣೆಯಿಂದ ಬೇರೆಯಾಗಿಯೇ ಇಟ್ಟಿತ್ತು. 54ನೆಯ ಕಲಮಿನಂತೆ ವಾದಪತ್ರ ತಿರಸ್ಕೃತವಾದರೂ 56ನೆಯ ಕಲಮಿನಂತೆ ಹೊಸ ವಾದಪತ್ರ ಸಲ್ಲಿಸಬಹುದಾಗಿತ್ತು. ಇದಕ್ಕಿಂತ ಮುಖ್ಯವಾದದ್ದು 1872ರ ಸಾಕ್ಷ್ಯ ಅಧಿನಿಯಮದ 13ನೆಯ ಕಲಂ. ಹಕ್ಕು ಅಥವಾ ರೂಢಿಯ ಪ್ರಶ್ನೆ ಬಂದಾಗ ಅದನ್ನು ಯಾರಾದರೂ ಎಂದಾದರೂ ಕೇಳಿದ, ಪ್ರತಿಪಾದಿಸಿದ, ಚಲಾಯಿಸಿದ, ಅಲ್ಲಗಳೆದ ಪ್ರತಿಯೊಂದು ಸಂದರ್ಭವೂ ಸುಸಂಬದ್ಧವೆಂದು ಅದು ಹೇಳುತ್ತದೆ. ಇದರಂತೆ ವಜಾ ಆದ ದಾವೆಯೂ ಹಕ್ಕನ್ನು ಕೇಳಿದ ಒಂದು ಸಂದರ್ಭವೇ. ತೀರ್ಪು ಏನೇ ಇರಲಿ, ಇಂತಹ ವರ್ಷ ಇಂತಹ ಊರಿನ ಒಬ್ಬ ತೋಟಿ ಈ ನೆಲ ನನ್ನದೆಂದು ಎದ್ದುನಿಂತು ಹೇಳಿದ್ದನೆಂಬುದಕ್ಕೆ ಆ ವಾದಪತ್ರ ಪುರಾವೆ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮವೂ ಈ ತತ್ತ್ವವನ್ನು ಉಳಿಸಿಕೊಂಡಿದೆ.

ಹಳೆಯ ಅಧಿನಿಯಮದ 32ನೆಯ ಕಲಮಿನ ನಾಲ್ಕನೆಯ ಖಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸಾರ್ವಜನಿಕ ಹಕ್ಕು ಅಥವಾ ರೂಢಿಯ ಬಗ್ಗೆ ಬಲ್ಲ ಹಿರಿಯನೊಬ್ಬ ಆಡಿದ ಮಾತು, ಅವನು ಸತ್ತ ಮೇಲೆಯೂ, ಸಾಕ್ಷ್ಯವಾಗುತ್ತದೆ. ಷರತ್ತೆಂದರೆ ಅದನ್ನು ಅವನು ವಿವಾದ ಹುಟ್ಟುವ ಮುನ್ನ ಆಡಿರಬೇಕು. ಕ್ಷೇತ್ರಕಾರ್ಯದಲ್ಲಿ ಸಂಗ್ರಹಿಸಿದ ಹೇಳಿಕೆಗಳಿಗೆ ದಿನಾಂಕ, ಸ್ಥಳ, ವಕ್ತೃವಿನ ವಿವರ ಬರೆಯದೆ ಬಿಡುವ ಅಭ್ಯಾಸ ಕನ್ನಡದ ಹಳೆಯ ಸಂಗ್ರಹಗಳಲ್ಲಿ ಸಾಮಾನ್ಯವಾಗಿತ್ತು. ಪಾಠದ ಸೊಗಸನ್ನು ನೋಡುವ ಸಂಪಾದಕನಿಗೆ ಅದು ದೊಡ್ಡ ಕೊರತೆಯಲ್ಲದಿರಬಹುದು. ಆದರೆ ಒಬ್ಬ ನೀರಗಂಟಿಯ ಮೊಮ್ಮಗನಿಗೆ, ತಾತ ಆ ಮಾತನ್ನು ತಕರಾರು ಏಳುವ ಮೊದಲು ಹೇಳಿದನೋ ಎದ್ದ ಮೇಲೆ ಹೇಳಿದನೋ ಎಂಬುದು ಎರಡು ಎಕರೆ ಗದ್ದೆಯ ಪ್ರಶ್ನೆ.